ಹತ್ತಿ ತುರುಕಿದ ಸದ್ದು

ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಡಬ್ಬಿ ಅಂತ. ಅಂಬೆಗಾಲಿಕ್ಕುವ ಕಾಲಕ್ಕೇ ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕ ಡಬ್ಬಿಗಳನ್ನೆಲ್ಲ ಸೌಟಿನಿಂದ ಬಡಿದು, ಖಾಲಿಯದರ ಸದ್ದು ಬೇರೆ, ಅರ್ಧ ತುಂಬಿದ್ದರ ಸದ್ದು ಬೇರೆ ಎಂದು ಕಂಡುಕೊಂಡ ಮಗು ಅದು. ಅಮ್ಮ ಇಟ್ಟ ಆ ಹೆಸರು, ನಲವತ್ತೆರಡು ತುಂಬಿ ಕಿವಿಯ ಮೇಲೆ ಬಿಳಿಕೂದಲು ಇಣುಕಿದರೂ ಅಂಟಿಕೊಂಡೇ ಇತ್ತು. ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಊಟಕ್ಕೆ ಕೂತರೆ ಉಗುರಿನಿಂದ ಲೋಟ ತಟ್ಟುತ್ತಾನೆ. ಬಸ್ಸು ಹತ್ತಿದರೆ ಕಿಟಕಿಯ ಗಾಜು ಅದುರುವುದನ್ನು ಕೇಳಲು ಹಣೆಯನ್ನೇ ಅದಕ್ಕೆ ಒತ್ತಿಕೊಳ್ಳುತ್ತಾನೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅಕ್ಕನ ಬಳಿ ಉತ್ತರ ಸಿದ್ಧ: “ಹುಡುಗಿ ಒಪ್ಪಿದ್ಲು, ಅವಳ ಚಪ್ಪಲಿ ಸದ್ದು ಇವನಿಗೆ ಒಪ್ಪಲಿಲ್ಲ.”

ಇಂಥವನಿಗೆ ಹೇಳಿ ಮಾಡಿಸಿದಂಥ ಕೆಲಸವೇ ಸಿಕ್ಕಿತ್ತು. ಕಂಪ್ಯೂಟರ್ ಕೊಂಡು ತಂದು ಗುಂಡಿ ಒತ್ತಿದರೆ ಅದು ಎದ್ದೆ ಎಂದು ಒಂದು ಸದ್ದು ಮಾಡುತ್ತದಲ್ಲ, ಪತ್ರ ಬಂದರೆ ಒಂದು, ಕಡ್ಡಿಯಂಥ ಪೆನ್‌ಡ್ರೈವ್ ಚುಚ್ಚಿದರೆ ಒಂದು, ನಾವು ತಪ್ಪು ಒತ್ತಿದರೆ ಇನ್ನೊಂದು. ಆ ಸದ್ದುಗಳನ್ನು ಮಾಡುವುದೇ ಅವನ ಕಸುಬು. ಬೇಕೆಂದು ಯಾರೂ ಅವನ್ನು ಆರಿಸಿಕೊಂಡಿರುವುದಿಲ್ಲ. ಪೆಟ್ಟಿಗೆಯೊಳಗೆ ಕೂತೇ ಬಂದಿರುತ್ತವೆ, ಹೆಚ್ಚಿನವರು ಬಂದದ್ದನ್ನು ಬಂದ ಹಾಗೇ ಇಟ್ಟುಕೊಳ್ಳುತ್ತಾರೆ. ಹತ್ತು ವರ್ಷದ ಹಿಂದೆ ತಪ್ಪು ಒತ್ತಿದವರಿಗೆಂದು ಅವನು ಮಾಡಿದ ಸದ್ದು ಈಗಲೂ ಎಲ್ಲೆಲ್ಲೂ ಕೇಳಿಸುತ್ತಿತ್ತು. ಕಬ್ಬಿಣದ ಬಕೆಟ್ಟಿನ ಅಂಚಿಗೆ ಮುಚ್ಚಳ ಬಡಿದು, ಅದನ್ನು ಕತ್ತರಿಸಿ ತಿದ್ದಿ ಮಾಡಿದ ಒಂದು ‘ಡಂಗ್’. ಅಂಚೆ ಕಚೇರಿಯಲ್ಲಿ ಯಾವಳೋ ತಪ್ಪು ಗುಂಡಿ ಒತ್ತಿ ಅದು ಬಡಿದರೆ, ಸಾಲಿನಲ್ಲಿ ನಿಂತ ಇವನ ಎದೆ ಉಬ್ಬುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು.

ಈಗ ಕಂಪ್ಯೂಟರಿನ ಹೊಸ ಆವೃತ್ತಿ ಬರುವುದರಲ್ಲಿತ್ತು. ಹದಿನಾಲ್ಕು ಸದ್ದು ಬೇಕಿತ್ತು, ಹದಿಮೂರು ಒಪ್ಪಿಗೆಯಾಗಿದ್ದವು. ಉಳಿದದ್ದು ಅದೇ, ತಪ್ಪಿನದು. ಸೋಮವಾರ ಬೆಳಿಗ್ಗೆ ಹತ್ತರೊಳಗೆ ಒಪ್ಪಿಸಬೇಕು.

“ಅರ್ಧ ಸೆಕೆಂಡ್ ಮೀರಬಾರ್ದು,” ಎಂದಿದ್ದರು ಕಚೇರಿಯ ಮೇಡಂ, “ಲಕ್ಷ ಸಲ ಕೇಳಿದ್ರೂ ರೇಜಿಗೆ ಹುಟ್ಟಬಾರ್ದು. ಹಳೇ ಡಂಗ್ ಸಾಕಪ್ಪ, ಪೊಲೀಸ್ನೋರು ಬಾಗಿಲು ಬಡಿದ ಹಾಗಿದೆ.”

ಪೊಲೀಸರಂತೆ! ಡಬ್ಬಿಗೆ ಆ ಮಾತು ಹಲ್ಲಿನ ಸಂದಿಯ ನಾರಾಗಿ ಕೂತಿತು. ಎರಡು ವಾರದಲ್ಲಿ ಅರವತ್ತು ಸದ್ದು ಮಾಡಿ ಅರವತ್ತನ್ನೂ ಅಳಿಸಿದ್ದ.

ಬುಧವಾರ ಅಕ್ಕ ಊಟದ ಡಬ್ಬಿ ಮರೆತು ಕೆಲಸಕ್ಕೆ ಹೋಗಿದ್ದಳು. ಹೇಗೂ ಕೂರಲಾರದ ಇವನೇ ಅದನ್ನು ಹಿಡಿದು ಆಸ್ಪತ್ರೆಗೆ ಹೋದ. ಅಕ್ಕ ಅಲ್ಲಿ ಚೀಟಿ ಮಾಡಿಕೊಡುವ ಮೂರನೇ ಕೌಂಟರಿನವಳು. ಭಾವ ತೀರಿಕೊಂಡ ಮೇಲೆ ಸೇರಿದ ಕೆಲಸ, ಹನ್ನೊಂದು ವರ್ಷವಾಗಿತ್ತು. ಬಂದವರ ಹೆಸರು, ವಯಸ್ಸು, ಹಳೆಯ ಚೀಟಿಯ ನಂಬರು ಕೇಳಿ ಒತ್ತುವುದು, ಯಾವ ಬಾಗಿಲಿಗೆ ಹೋಗಬೇಕು ಎಂದು ಹೇಳುವುದು. ಯಾರ ಮಗುವಿಗೆ ಕೆಮ್ಮು, ಯಾರ ಮಂಡಿಗೆ ನೋವು ಎನ್ನುವುದೆಲ್ಲ ಅವಳ ನಾಲಿಗೆಯ ತುದಿಯಲ್ಲಿ.

“ನೋಡೇ, ಡಬ್ಬಿ ಡಬ್ಬಿ ತಂದಿದೆ!” ಎಂದು ಎರಡನೇ ಕೌಂಟರಿನವಳು ನಕ್ಕಳು.

ಡಬ್ಬಿ ನಗಲಿಲ್ಲ. ಅವನ ಕಣ್ಣು ಅಕ್ಕನ ಕಂಪ್ಯೂಟರಿನ ಪಕ್ಕದ ಪುಟ್ಟ ಸ್ಪೀಕರಿನ ಮೇಲೆ ನೆಟ್ಟಿತ್ತು. ಅದರ ತೂತುಗಳಿಗೆಲ್ಲ ಹತ್ತಿ ತುರುಕಿ, ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರನ್ನು ಅಡ್ಡಡ್ಡ ಎರಡು ಪಟ್ಟಿ ಅಂಟಿಸಲಾಗಿತ್ತು.

“ಇದೇನಕ್ಕ? ಇದಕ್ಕೇನು ಪೆಟ್ಟಾಗಿದೆ?”

“ಪೆಟ್ಟು ನನಗಾಗೋದು ಕಣೋ,” ಎಂದಳು ಅಕ್ಕ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. “ಒಂದಂಕಿ ತಪ್ಪಿದ್ರೆ ಡಂಗ್ ಅನ್ನತ್ತೆ. ಸಾಲಲ್ಲಿದ್ದೋರೆಲ್ಲ ಕತ್ತು ಉದ್ದ ಮಾಡಿ ನೋಡ್ತಾರೆ. ‘ಮತ್ತೆ ಹೊಡೀತಪ್ಪ ಗಂಟೆ’ ಅಂತಾನೆ ಒಬ್ಬ. ಕೈ ನಡುಗತ್ತೆ. ನಡುಗಿದ್ರೆ ಇನ್ನೊಂದು ತಪ್ಪು, ಇನ್ನೊಂದು ಡಂಗ್.”

“ಅದು ನಂದು ಅಂತ ನಿನಗೆ ಗೊತ್ತು ತಾನೆ?”

“ಗೊತ್ತು. ಅದಕ್ಕೇ ಹತ್ತಿ. ಬೇರೆಯವರದಾಗಿದ್ರೆ ಕಿತ್ತೇ ಬಿಸಾಕ್ತಿದ್ದೆ.”

“ಅವತ್ತು ಮನೇಲಿ ಕೇಳಿಸಿದಾಗ ಚೆನ್ನಾಗಿದೆ ಅಂದಿದ್ದೆ!”

“ಒಂದು ಸಲಕ್ಕೆ ಚೆನ್ನಾಗೇ ಇತ್ತು. ದಿನಕ್ಕೆ ನಲವತ್ತು ಸಲ ಕೇಳ್ಬೇಕಾಗತ್ತೆ ಅಂತ ನೀನು ಹೇಳ್ಲಿಲ್ವಲ್ಲ.”

ಡಬ್ಬಿಯ ಮುಖ ಹುಳ್ಳಗಾಯಿತು. ಇನ್ನೂ ಇತ್ತು ಕೇಳುವುದು. ಹೋದ ವಾರ ಒಬ್ಬ ಮುದುಕರ ನಂಬರು ತಪ್ಪಾಗಿ ಬಿದ್ದು ಕಂಪ್ಯೂಟರ್ ಕೂಗಿತ್ತು. ಹತ್ತಿಯ ಹಿಂದೆ ಅದು ಅಕ್ಕನಿಗೆ ಕೇಳಿಸಿರಲಿಲ್ಲ, ಮುದುಕರು ಮೂರು ಗಂಟೆ ಬೇರೆ ಯಾವುದೋ ಬಾಗಿಲ ಮುಂದೆ ಕೂತಿದ್ದರು. ಮೇಲ್ವಿಚಾರಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಸೋಮವಾರದಿಂದ ಸದ್ದು ಕೇಳಿಸಲೇಬೇಕು, ಇಲ್ಲವಾದರೆ ನೆಲಮಾಳಿಗೆಯ ದಾಖಲೆ ಕೋಣೆಗೆ ಹೋಗಿ ಫೈಲು ಜೋಡಿಸಿಕೊಂಡಿರಿ.

“ಅವರು ಹೇಳೋದೂ ಸರೀನೇ. ಆ ಮುದುಕರನ್ನ ನೆನೆಸಿಕೊಂಡ್ರೆ ಅನ್ನ ಇಳಿಯಲ್ಲ,” ಎಂದಳು ಅಕ್ಕ. “ಆದ್ರೆ ಕೆಳಗೆ ಇಲಿ ಬಿಟ್ರೆ ಮಾತಾಡ್ಸೋರಿಲ್ಲ ಕಣೋ. ನಾನು ಅಲ್ಲಿ ಒಂದು ತಿಂಗಳು ಬಾಳಲ್ಲ.”

ಡಬ್ಬಿ ಸೀದಾ ಮೇಲ್ವಿಚಾರಕರ ಬಾಗಿಲಿಗೆ ಹೋಗಿ ನಿಂತ. ಸೋಮವಾರ ಬೇರೆ ಸದ್ದು ಹಾಕಿಕೊಡುತ್ತೇನೆ, ಒಂದು ದಿನ ನೋಡಿ, ಎಂದು ಕೇಳಿಕೊಂಡ. “ನನಗೆ ಕೇಳಿಸಿದ್ರೆ ಸಾಕು. ಅದು ನಾಯಿ ಕೂಗಾದ್ರೇನು, ನರಿ ಕೂಗಾದ್ರೇನು,” ಎಂದರು ಅವರು.

ಅಲ್ಲಿಂದ ಅವನ ಕಾಲಿಗೆ ಚಕ್ರವೇ ಕಟ್ಟಿದಂತಾಯಿತು. ದಿನಾ ಸಂಜೆ ಅಕ್ಕ ಬಂದು ಚಪ್ಪಲಿ ಬಿಡುವುದರೊಳಗೆ ಒಂದು ಸದ್ದು ಸಿದ್ಧ. ಮೊದಲು ನೀರಿನ ಹನಿ ಬಿದ್ದಂಥದು. ಅಕ್ಕ ತಲೆಯೆತ್ತಿ, “ನಲ್ಲಿ ಸೋರ್ತಿದೆ ನೋಡೋ,” ಎಂದು ಎದ್ದೇ ಹೋದಳು. ಆಮೇಲೆ ಮರದ ಮೇಲೆ ಬೆರಳಿನಿಂದ ಕುಟ್ಟಿದ್ದು. “ಯಾರು?” ಎಂದಳು, ಸೆರಗು ಸರಿಮಾಡಿಕೊಂಡು ಬಾಗಿಲಿನತ್ತ ನೋಡಿ.

ಶುಕ್ರವಾರದ ಸದ್ದು ಮಾತ್ರ ಗೆದ್ದೇಬಿಟ್ಟಿತು ಎಂದುಕೊಂಡಿದ್ದ. ಮಗು ಎಡವಿದರೆ ದೊಡ್ಡವರು ನಾಲಿಗೆಯನ್ನು ಅಂಗುಳಿಗೆ ತಾಗಿಸಿ ‘ತ್ಚು’ ಎಂದು ಲೊಚಗುಟ್ಟುತ್ತಾರಲ್ಲ, ಅದೇ. ಬೈಗುಳವಿಲ್ಲ, ಬಡಿತವಿಲ್ಲ, ಎಲ್ಲ ಮರುಕ. ಕಾಲು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಅಕ್ಕನ ಮುಂದೆ ಕಂಪ್ಯೂಟರ್ ಇಟ್ಟು, ತಪ್ಪು ನಂಬರು ಒತ್ತು ಎಂದ. ಒತ್ತಿದಳು. ‘ತ್ಚು.’ ಇನ್ನೊಂದು ಒತ್ತಿಸಿದ. ‘ತ್ಚು.’

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು.

“ಬೇಡ ಕಣೋ ಇದು.”

“ಯಾಕಕ್ಕ? ಇದು ಬೈಯಲ್ಲ.”

“ಬೈಸ್ಕೋಬಹುದು. ಲೊಚಗುಟ್ಟಿಸ್ಕೊಳ್ಳೋಕಾಗಲ್ಲ.” ಅವಳ ದನಿ ಸಣ್ಣದಾಯಿತು. “ನಿಮ್ಮ ಭಾವ ಹೋದಾಗ ಇಡೀ ಬೀದಿ ನನ್ನ ನೋಡಿ ಇದನ್ನೇ ಮಾಡಿದ್ದು. ಹಾಲಿಗೆ ಹೋದ್ರೆ ತ್ಚು, ಬಸ್ಸಿಗೆ ನಿಂತ್ರೆ ತ್ಚು. ಅದನ್ನ ತಪ್ಪಿಸ್ಕೊಳ್ಳೋಕೇ ನಾನು ಆ ಕೌಂಟರ್ ಹಿಂದೆ ಹೋಗಿ ಕೂತಿದ್ದು. ಅಲ್ಲೂ ಅದೇ ಕೇಳ್ಲಾ? ಇದಕ್ಕಿಂತ ನಿನ್ನ ಡಂಗೇ ವಾಸಿ.”

ಡಬ್ಬಿ ಆ ಸದ್ದನ್ನು ಅಳಿಸಿದ. ಶನಿವಾರವಿಡೀ ಬೀದಿ ಸುತ್ತಿದ. ಬೀಗದ ಅಂಗಡಿ, ಟೈಲರಂಗಡಿ, ಸೈಕಲ್ ರಿಪೇರಿಯವನ ಮುಂದೆಲ್ಲ ನಿಂತು ಕಿವಿ ಕೊಟ್ಟ. ಕತ್ತರಿ ಕಚ್ಚುವುದು, ಬೀಗ ಬೀಳುವುದು, ಟ್ಯೂಬಿನ ಗಾಳಿ ಬಿಡುವುದು. ಎಲ್ಲದರಲ್ಲೂ ಒಂದು ಬೈಗುಳವೋ ಒಂದು ಅಣಕವೋ ಇದ್ದೇ ಇತ್ತು. ತಪ್ಪಾಯಿತು ಎಂದು ಹೇಳಲೂಬೇಕು, ತಪ್ಪು ನಿನ್ನದು ಎನ್ನಲೂಬಾರದು. ಇದೊಳ್ಳೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಅಮ್ಮನಿಗೆ ಕಿವಿ ಮಂದವಾಗಿ ಏಳೆಂಟು ವರ್ಷವಾಗಿತ್ತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, “ಇದರಲ್ಲಿ ನಿಮ್ಮ ಮಾತು ಬಿಟ್ಟು ಪಕ್ಕದ ಮನೆ ಜಗಳ ಕೇಳಿಸತ್ತೆ,” ಎಂದು ಪೆಟ್ಟಿಗೆಗೆ ಹಾಕಿಟ್ಟಿದ್ದಳು.

“ಅಮ್ಮ, ನೀರು ಕೊಡು,” ಎಂದ ಡಬ್ಬಿ.

“ಆಂ?”

“ನೀರು!”

“ಆಂ?”

“ಅಯ್ಯೋ ನೀ...ರು!” ಎಂದು ಅರಚಿದ. ಅವನಿಗೆ ಈ ‘ಆಂ?’ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಮೇಜಿನ ಕೆಳಗೆ ಕಾಲು ಕುಣಿಯತೊಡಗಿತು.

“ಅಮ್ಮ, ತಂಬಿಗೆ ಈ ಕಡೆ ತಳ್ಳು,” ಎಂದಳು ಅಕ್ಕ ಮೆಲ್ಲಗೆ.

“ಆಂ?” ಎಂದಳು ಅಮ್ಮ.

“ತಂಬಿಗೆ ಅಂದೆ,” ಎಂದಳು ಅಕ್ಕ, ಅದೇ ಮುಖದಲ್ಲಿ, ಒಂದಿಷ್ಟು ಜೋರಾಗಿ. ಅನ್ನ ಕಲಸುವ ಅವಳ ಕೈ ನಿಲ್ಲಲೂ ಇಲ್ಲ, ನಡುಗಲೂ ಇಲ್ಲ. ತಂಬಿಗೆ ಬಂತು.

ಡಬ್ಬಿಯ ಕಾಲು ನಿಂತುಹೋಯಿತು.

“ಅಕ್ಕ, ನಿನಗೆ ಸಿಟ್ಟು ಬರಲ್ವಾ?”

“ಯಾಕೆ ಬರ್ಬೇಕು? ಅವಳಿಗೆ ಕೇಳಿಸ್ಲಿಲ್ಲ, ಇನ್ನೊಂದು ಸಲ ಹೇಳಿದ್ರಾಯ್ತು. ನಾನೇನು ತಪ್ಪು ಹೇಳಿದೆ ಅಂತಲ್ವಲ್ಲ.”

ಡಬ್ಬಿ ಎಂಜಲು ಕೈಯಲ್ಲೇ ಎದ್ದು ಹೋಗಿ ರೆಕಾರ್ಡ್ ಮಾಡುವ ಪುಟ್ಟ ಯಂತ್ರ ತಂದು ಅಮ್ಮನ ಮುಂದೆ ಹಿಡಿದ. “ಅಮ್ಮ, ಆಂ ಅನ್ನು.”

“ಯಾಕೋ ಅನ್ಲಿ?” ಎಂದಳು ಅಮ್ಮ ಥಟ್ಟನೆ.

“ಕೇಳಿಸ್ತಲ್ಲ ಇದು!”

“ಬೇಕಾದ್ದು ಕೇಳಿಸತ್ತೆ. ಅದೇನದು? ಮೊದಲು ಕೈ ತೊಳ್ಕೋ.”

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಡಬ್ಬಿ ಉಪಾಯ ಮಾಡಿದ. ತಲೆ ತಗ್ಗಿಸಿ, ತುಟಿಯೊಳಗೇ, “ಇವತ್ತು ಸಾರಿಗೆ ಉಪ್ಪೇ ಇಲ್ಲ,” ಎಂದ.

“ಆಂ?” ಎಂದಳು ಅಮ್ಮ, ಕತ್ತು ಮುಂದೆ ಚಾಚಿ.

ಸಿಕ್ಕಿತು. ಕೆಳಗಿನಿಂದ ಹೊರಟು, ಮೂಗಿನ ಮೂಲಕ ಹಾದು, ಕೊನೆಗೆ ತುಸು ಮೇಲಕ್ಕೆ ಏಳುವ ಸದ್ದು. ಮನುಷ್ಯರ ದನಿಯನ್ನೇ ಇಡುವ ಹಾಗಿಲ್ಲ, ಪೆಟ್ಟಿಗೆಯೊಳಗೆ ಮುದುಕಿ ಕೂತಿದ್ದಾಳೆ ಎಂದು ಜನ ಹೆದರಿಯಾರು. ಅಮ್ಮನ ಖಾಲಿ ಕೆಮ್ಮಿನ ಔಷಧಿ ಸೀಸೆಯನ್ನು ತುಟಿಗೆ ಹಿಡಿದು ಊದಿದ. ಊದುತ್ತ ಊದುತ್ತ ಸೀಸೆಯನ್ನು ಚೂರು ಹೊರಕ್ಕೆ ತಿರುಗಿಸಿದರೆ ಸದ್ದು ಕೊನೆಯಲ್ಲಿ ಮೇಲೇಳುತ್ತಿತ್ತು. ಸಂಜೆಯವರೆಗೆ ಊದಿ ತುಟಿ ಬಾತು ಹೋಯಿತು.

ಸೋಮವಾರ ಬೆಳಿಗ್ಗೆ ಅದನ್ನು ಮೇಡಂಗೆ ಕಳಿಸಿ, ಎಂಟೂವರೆಗೆ ಆಸ್ಪತ್ರೆಯಲ್ಲಿದ್ದ. ಅಕ್ಕನ ಕಂಪ್ಯೂಟರಿಗೆ ಹೊಸ ಸದ್ದು ಹಾಕಿದ. ಅಕ್ಕ ಪ್ಲಾಸ್ಟರ್ ಕಿತ್ತು, ಹತ್ತಿಯನ್ನು ಕಡ್ಡಿಯಿಂದ ಎಳೆದು ಉಂಡೆ ಮಾಡಿ ಡ್ರಾಯರಿನಲ್ಲಿ ಇಟ್ಟುಕೊಂಡಳು.

“ಬಿಸಾಕಕ್ಕ ಅದನ್ನ.”

“ಇರ್ಲಿ, ಸಂಜೆ ತನಕ ನೋಡೋಣ,” ಎಂದಳು.

ಅವನು ಎದುರಿನ ಬೆಂಚಿನಲ್ಲಿ ರೋಗಿಗಳ ನಡುವೆ ಕೂತ. ಮೇಲ್ವಿಚಾರಕರು ಕಂಬಕ್ಕೆ ಒರಗಿ ಕೈ ಕಟ್ಟಿ ನಿಂತಿದ್ದರು. ಜೇಬಿನಲ್ಲಿ ಫೋನು ನಡುಗಿತು, ಮೇಡಂ ಬರೆದಿದ್ದರು: ‘ಇದು ತಪ್ಪಿನ ಸದ್ದಾ? ಏನೋ ಕೇಳಿದ ಹಾಗಿದೆಯಲ್ಲ.’ ‘ಹೌದು, ಕೇಳೋದೇ,’ ಎಂದು ಬರೆದ. ಆಮೇಲೆ ಫೋನು ಸುಮ್ಮನಾಯಿತು, ಅವನ ಕಾಲು ಸುಮ್ಮನಾಗಲಿಲ್ಲ. ಒಬ್ಬರ ಚೀಟಿ ಆಯಿತು, ಇಬ್ಬರದಾಯಿತು, ಹತ್ತು ಜನರದಾಯಿತು. ಅಕ್ಕ ಒಂದೂ ತಪ್ಪು ಮಾಡಲಿಲ್ಲ. ತಪ್ಪು ಮಾಡೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ.

ಹನ್ನೊಂದನೆಯವಳು ಸೊಂಟದ ಮೇಲೆ ಮೊಮ್ಮಗುವನ್ನು ಹೊತ್ತ ಹೆಂಗಸು. ಚೀಟಿ ಮಡಚಿ ಮಡಚಿ ನಂಬರು ಅಳಿಸಿಹೋಗಿತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದು, ಓರೆಗಣ್ಣಿನಿಂದ ಓದುತ್ತ, ಇನ್ನೊಂದು ಕೈಯಿಂದ ಒತ್ತಿದಳು.

‘ಆಂ?’ ಎಂದಿತು ಸ್ಪೀಕರು.

ಡಬ್ಬಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಾಲಿನಲ್ಲಿ ಯಾರ ಕತ್ತೂ ಉದ್ದವಾಗಲಿಲ್ಲ. ಅಕ್ಕ ಚೀಟಿಯಿಂದ ಕಣ್ಣು ತೆಗೆಯಲಿಲ್ಲ. ಸ್ಪೀಕರಿನ ಕಡೆಗೆ ಚೂರೇ ವಾಲಿ, ದನಿಯನ್ನು ಒಂದಿಷ್ಟು ಏರಿಸಿ ಹೇಳಿದಳು:

“ಎಂಟು, ಸೊನ್ನೆ, ನಾಲ್ಕು ಅಂದೆ.”

ಹೇಳುತ್ತಲೇ ಮತ್ತೆ ಒತ್ತಿದಳು. ಚೀಟಿ ಹೊರಬಂತು.

“ಹೂಂ ಕಣಮ್ಮ, ಅದೇ ನಂಬರು,” ಎಂದಳು ಆ ಹೆಂಗಸು, ತನಗೇ ಹೇಳಿದ್ದೆಂದುಕೊಂಡು.

ಮೇಲ್ವಿಚಾರಕರು ಕಂಬ ಬಿಟ್ಟು ತಮ್ಮ ಕೋಣೆಗೆ ಹೋದರು. ಊಟದ ಹೊತ್ತಿಗೆ ಅಕ್ಕ ಡ್ರಾಯರಿನಿಂದ ಆ ಹತ್ತಿಯ ಉಂಡೆ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಸ್ಪೀಕರಿಗೆ ಅಂಟಿದ್ದ ಪ್ಲಾಸ್ಟರಿನ ಗೋಂದನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಎದುರಿನ ಬೆಂಚಿನಲ್ಲಿ ಡಬ್ಬಿಯ ಕಾಲು ಇನ್ನೂ ಕುಣಿಯುತ್ತಲೇ ಇತ್ತು; ಮೇಲೆ ತಿರುಗುವ ಫ್ಯಾನು ಸುತ್ತಿಗೊಮ್ಮೆ ಕೀಚ್ ಎನ್ನುತ್ತಿತ್ತು.