ಹಡಗಿನ ಸುದ್ದಿಯಲ್ಲಿ ಬಿಟ್ಟುಹೋದದ್ದು

ನಾನು ತುಮಕೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಉಪಸಂಪಾದಕ. ದೇಶ-ವಿದೇಶದ ಪುಟ ತುಂಬಿಸುವುದು ನನ್ನ ಪಾಲಿನ ಕೆಲಸ. ಕಳೆದ ವರ್ಷ ಒಂದು ಬುಧವಾರ ಯುರೋಪಿನಲ್ಲಿ ಕಟ್ಟುತ್ತಿರುವ ಹೊಸ ಕ್ರೂಸ್ ಹಡಗಿನ ವರದಿ ಬಂತು. ಹತ್ತಾರು ಅಂತಸ್ತು, ಈಜುಕೊಳ, ನಾಟಕಶಾಲೆ, ಹಡಗಿನೊಳಗೇ ಒಂದು ತೋಟ. ಫೋಟೋ ಬಹಳ ಚೆನ್ನಾಗಿತ್ತು, ಐದು ಕಾಲಂ ಅಗಲಕ್ಕೆ ಹಾಕಿದೆ. ಉಳಿದ ಜಾಗಕ್ಕೆ ವರದಿ ಉದ್ದವಾಯಿತು. ಅಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವಂತೆ ಕೆಳಗಿನಿಂದ ಕತ್ತರಿಸಿದೆ. ಹೋದದ್ದು ಎರಡೇ ಸಾಲು. ಹಿಂದಿನ ವಾರ ಆ ಹಡಗಿನ ಕೆಳ ಅಂತಸ್ತಿನಲ್ಲಿ ಬೆಂಕಿ ಬಿದ್ದು ಕೆಲವು ಗುತ್ತಿಗೆ ಕೆಲಸಗಾರರು ಗಾಯಗೊಂಡಿದ್ದರು, ಅವರಲ್ಲಿ ಭಾರತೀಯರೂ ಇದ್ದರು.

ಶುಕ್ರವಾರ ಮಧ್ಯಾಹ್ನ ಹಾಗಲವಾಡಿಯ ಹೆಣ್ಣುಮಗಳೊಬ್ಬಳು ನಮ್ಮ ಪುಟವನ್ನು ನಾಲ್ಕಾಗಿ ಮಡಚಿ ಹಿಡಿದುಕೊಂಡು ಕಚೇರಿಗೆ ಬಂದಳು. ಅವಳ ಗಂಡ ಮೊದಲು ಗುಬ್ಬಿಯಲ್ಲಿ ಗೇಟು, ಗ್ರಿಲ್ಲು ಮಾಡುತ್ತಿದ್ದನಂತೆ. ಈಗ ಅದೇ ಹಡಗಿನಲ್ಲಿ ವೆಲ್ಡರ್. ಒಂಬತ್ತು ದಿನದಿಂದ ಅವನ ಫೋನ್ ಇರಲಿಲ್ಲ. ಅನ್ನ ಸೇರದೆ ಕೂತಿದ್ದಾಗ ಪಕ್ಕದ ಮನೆಯವರು ಪೇಪರ್ ತಂದು ತೋರಿಸಿದರಂತೆ. ಅವನು ಕಳಿಸಿದ್ದ ಫೋಟೋದಲ್ಲಿದ್ದ ಹಡಗಿನ ಹೆಸರೇ ಇದರಲ್ಲೂ ಇತ್ತು. ಅತ್ತೆಗೂ ತವರಿಗೂ ತೋರಿಸಲು ಅವಳಿಗೆ ಇನ್ನೆರಡು ಪ್ರತಿ ಬೇಕಾಗಿತ್ತು.

“ಎಲ್ಲಾ ಚೆನ್ನಾಗೈತೆ ಅಂತ ಪೇಪರ್‌ನಾಗೆ ಬಂದೈತಲ್ಲ ಸಾರ್, ಅದ್ಕೇ ಧೈರ್ಯ ಬಂತು,” ಎಂದಳು.

ಪ್ರತಿ ಕೊಟ್ಟು ಕಳಿಸಿಬಿಡೋಣ ಎಂದು ಅನ್ನಿಸಿದ್ದು ನಿಜ. ಆದರೂ ಅವಳನ್ನು ಕೂರಿಸಿ, ನೀರು ಕೊಟ್ಟು, ಮೂಲ ವರದಿ ತೆರೆದು ಬಿಟ್ಟದ್ದನ್ನು ಓದಿ ಹೇಳಿದೆ. ಅವಳು ಅಳಲಿಲ್ಲ.

“ಎಷ್ಟುದ್ದ ಇತ್ತು ಸಾರ್ ಅದು?”

“ಎರಡು ಸಾಲು ಕಣಮ್ಮ.”

“ಅಷ್ಟಕ್ಕೂ ಜಾಗ ಇರ್ಲಿಲ್ವಾ?”

ನಾನು ಫೋನ್ ಎಳೆದುಕೊಂಡೆ. ಅವಳ ಗಂಡನನ್ನು ಕೆಲಸಕ್ಕೆ ಕಳಿಸಿದ್ದ ಏಜೆಂಟ್ ಕುಣಿಗಲ್‌ನವನು, ಫೋನ್ ಎತ್ತಲಿಲ್ಲ. ರಜೆ ಹಾಕಿ ಅವಳೊಂದಿಗೆ ಕುಣಿಗಲ್ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ಏಜೆಂಟ್ ಮೊದಲು ತನಗೇನೂ ಗೊತ್ತಿಲ್ಲ ಎಂದ. ನಾನು ಪತ್ರಿಕೆಯವನು ಎಂದು ತಿಳಿದ ಮೇಲೆ ಒಳಗೆ ಹೋಗಿ ಬಹಳ ಹೊತ್ತು ಯಾರೊಂದಿಗೋ ಮಾತಾಡಿ ಬಂದ. ಅವಳ ಗಂಡನ ಎರಡೂ ಕೈ ಸುಟ್ಟಿವೆ, ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ತೊಂದರೆಯಿಲ್ಲ ಎಂದ. ಮನೆಯವರು ಗಾಬರಿಯಾಗುತ್ತಾರೆಂದು ಹೇಳಿರಲಿಲ್ಲವಂತೆ. ಅವಳು ಆಸ್ಪತ್ರೆಯ ನಂಬರ್ ಕೇಳಿ ಬರೆಸಿಕೊಂಡಳು. ಏಜೆಂಟನನ್ನು ಬೈಯಲು ಬಾಯಿ ತೆರೆದ ನಾನು, ಅವನು ಮಾಡಿದ್ದನ್ನೇ ನಾನೂ ಮಾಡಿದ್ದೆನಲ್ಲ ಎಂದು ನೆನಪಾಗಿ ಸುಮ್ಮನಾದೆ.

ನಾಲ್ಕು ತಿಂಗಳ ನಂತರ ಅವಳ ಗಂಡ ಊರಿಗೆ ಬಂದ. ನೋಡಲು ಹೋದೆ. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದು ಕುಡಿಯುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿದ್ದಂತೆ ಕಾಣಲಿಲ್ಲ.

“ಹಡಗು ನೀರಿಗೆ ಇಳೀತಾ ಸಾರ್? ಏನಾರ ಸುದ್ದಿ ಬಂತಾ?” ಎಂದು ಕೇಳಿದ.

ಮೊದಲ ಯಾನಕ್ಕೆ ಹೊರಟಿದೆ ಎಂದೆ. ಮೇಲಂತಸ್ತಿನ ರೇಲಿಂಗ್ ನಾವೇ ಕೂರಿಸಿದ್ದು ಎಂದು ಅವನು ಕೈಯೆತ್ತಿ ಅದರ ಬಾಗು ತೋರಿಸತೊಡಗಿದ. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿ ಸ್ವಲ್ಪ ಹೊತ್ತು ಕೇಳಿ, ಅವನ ಲೋಟ ಎತ್ತಿಕೊಂಡು ಒಳಗೆ ಹೋದಳು.