ಅಸ್ತ್ರುಗಳ ಸೀಸದ ಕೊಳವೆ

ಗಿರೋನ ಪಟ್ಟಣದ ಯಹೂದಿ ಕೇರಿಯಲ್ಲಿ ಅಸ್ತ್ರುಗ ಬರುತ್ತಿದ್ದಾಳೆ ಅಂದರೆ ಗಂಡಸರೂ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ರಾಜನ ಮೊಹರು ಬಿದ್ದ ವೈದ್ಯದ ಪರವಾನಗಿ ಅವಳ ಹತ್ತಿರ ಇತ್ತು, ಆದರೆ ದಾರಿ ಬಿಡುತ್ತಿದ್ದುದು ಮೊಹರಿಗಲ್ಲ. ಕೇರಿಯ ಅರ್ಧ ಜನ ಹುಟ್ಟುವಾಗ ಅವರ ತಲೆಯನ್ನು ಮೊದಲು ಹಿಡಿದ ಕೈ ಅವಳದು. ಅತ್ತೆಯಿಂದ ಕಲಿತ ವಿದ್ಯೆ. ಹೆಂಗಸರ ಒಳಮೈಯ ಸಂಗತಿಯನ್ನು ಹಿಟ್ಟು ನಾದುವ ವಿಷಯದಷ್ಟೇ ಸಲೀಸಾಗಿ ಆಡುತ್ತಿದ್ದಳು. ನಾಚಿಕೆಯಾದವರು ಎದ್ದು ಹೋಗಬಹುದಿತ್ತು.

ಒಂದು ಬೆಳಿಗ್ಗೆ ಚರ್ಮ ಹದ ಮಾಡುವ ವಿದಾಲನ ಹೆಂಡತಿ ಬೊನಾದೋನ ಬಂದಳು. ಹನ್ನೊಂದು ತಿಂಗಳಿಂದ ಗಂಡ ಹೆಂಡಿರದು ಬೇರೆ ಬೇರೆ ಹಾಸಿಗೆ. ಯಹೂದಿ ಕಟ್ಟಳೆಯಂತೆ ಪ್ರತಿ ತಿಂಗಳ ಮುಟ್ಟು ನಿಂತ ಮೇಲೆ ಏಳು ದಿನ ಬಿಳಿ ಬಟ್ಟೆಯಿಂದ ಒಳಗೆ ಒರೆಸಿ ನೋಡಬೇಕು. ಏಳೂ ದಿನ ಕಲೆ ಬೀಳದಿದ್ದರೆ ಶುದ್ಧಿಯ ಕೊಳದಲ್ಲಿ ಮುಳುಗಿ ಗಂಡನ ಬಳಿ ಹೋಗಬಹುದು. ಬೊನಾದೋನಳ ಎಣಿಕೆ ನಾಲ್ಕನೇ ದಿನ ದಾಟುತ್ತಲೇ ಇರಲಿಲ್ಲ.

"ನಾಳೆ ನಮ್ಮತ್ತೆ ರಬ್ಬಿ ಹತ್ರ ಹೋಗ್ತಾರಂತೆ ಅವ್ವ. ನನ್ನ ಗಂಡನ ಕೈಲಿ ನಂಗೆ ಬಿಡುಗಡೆ ಪತ್ರ ಬರೆಸ್ತಾರಂತೆ."

"ನಿನ್ನ ಗಂಡ ಏನಂತಾನೆ?"

"ಅಳ್ತಾನೆ."

"ಅಳೋಕಾದ್ರೂ ಬರ್ತದಲ್ಲ, ಪುಣ್ಯ. ಎಲ್ಲಿ, ಆ ಬಟ್ಟೆ ಕೊಡಿಲ್ಲಿ."

ಹೊಸ ನಾರುಬಟ್ಟೆ, ಒಮ್ಮೆಯೂ ನೀರು ಕಂಡದ್ದಲ್ಲ. ಅಸ್ತ್ರುಗ ಅದನ್ನು ತನ್ನ ಕೆನ್ನೆಗೆ ಉಜ್ಜಿಕೊಂಡಳು. ಚುರ್ ಅಂದಿತು.

"ದಿನಕ್ಕೆ ಎಷ್ಟು ಸಲ?"

"ಬೇರೆಯವರೆಲ್ಲ ಎರಡು ಸಲ. ನಮ್ಮತ್ತೆ ಐದು ಸಲ ಅಂತಾರೆ."

"ನಿಮ್ಮತ್ತೆ ಪಾತ್ರೆ ತಿಕ್ಕೋಕೆ ಇದಕ್ಕಿಂತ ಮೆತ್ತಗಿರೋದು ತಗೋತಾಳೆ ಕಣೇ."

ಏನಾಗಿದೆ ಅಂತ ಅವಳಿಗೆ ಹೊಳೆದಿತ್ತು. ಆದರೆ ಹೊಳೆದ ಮಾತ್ರಕ್ಕೆ ಬಿಡುಗಡೆ ಪತ್ರ ನಿಲ್ಲುವುದಿಲ್ಲ.

ಮರುದಿನ ಕೇರಿಯ ಧರ್ಮಗುರು ರಬ್ಬಿ ಸಾಲ್ತೆಲ್ ಮನೆಯಲ್ಲಿ ಎಲ್ಲರೂ ಸೇರಿದರು. ಬೊನಾದೋನಳ ಅತ್ತೆ ರೆಜಿನ ಅವತ್ತಿನ ಕಲೆಬಿದ್ದ ಬಟ್ಟೆ ಹಿಡಿದೇ ಬಂದಿದ್ದಳು. ಜೊತೆಗೆ ವೈದ್ಯ ಬೊಂಜುವನನ್ನೂ ಕರೆತಂದಿದ್ದಳು.

"ಇದು ಗರ್ಭದ ರಕ್ತ ಅಲ್ಲ, ಗಾಯದ ರಕ್ತ. ಎಣಿಕೆ ಮುರಿಯಲ್ಲ," ಅಂದಳು ಅಸ್ತ್ರುಗ.

"ಯಾವ ಪುಸ್ತಕದಲ್ಲಿ ಓದಿದ್ಯಮ್ಮ?" ಬೊಂಜುವ ಕೇಳಿದ.

"ಪುಸ್ತಕ ಬರೆದೋರು ಯಾರನ್ನ ಕೇಳಿ ಬರೆದ್ರು ಸ್ವಾಮಿ? ತಮ್ಮ ಹೊಟ್ಟೆ ನೋಡ್ಕೊಂಡಾ?"

ರಬ್ಬಿ ಗಡ್ಡ ನೀವಿಕೊಂಡರು. ಅಸ್ತ್ರುಗ ಚೀಲದಿಂದ ಸೀಸದ ಕೊಳವೆ ತೆಗೆದಳು. ಗೀರದಂತೆ ಅದರ ಅಂಚು ಒಳಕ್ಕೆ ಮಡಚಿತ್ತು. ಅದರೊಳಗೆ ಒಂದು ಕಡ್ಡಿ, ಕಡ್ಡಿಯ ತುದಿಗೆ ಹತ್ತಿ. ಹಿಂದಿನ ಜ್ಞಾನಿಗಳೇ ಹೇಳಿದ್ದ ಪರೀಕ್ಷೆ ಅದು. ಪಕ್ಕದ ಗಾಯದ ರಕ್ತವನ್ನು ಕೊಳವೆ ತಡೆಯುತ್ತದೆ; ಹತ್ತಿ ಕೆಂಪಾದರೆ ಗರ್ಭದ್ದು, ಬೆಳ್ಳಗಿದ್ದರೆ ಅಲ್ಲ.

"ಕೊಳವೆ ನಾನು ಇಡ್ತೀನಿ. ಕಡ್ಡಿ ಎಳೆಯೋಳು ರೆಜಿನ."

"ನಿನ್ನ ಮಾತೇ ನನಗೆ ಸಾಕಲ್ಲ ಅಸ್ತ್ರುಗ," ಅಂದರು ರಬ್ಬಿ.

"ನಿಮಗೆ ಸಾಕು. ಕೇರಿ ಬಾಯಿಗೆ ಸಾಕಾಗಲ್ಲ."

ಒಳಕೋಣೆಯಲ್ಲಿ ಮೂವರೇ ಹೆಂಗಸರು. ಹತ್ತಿ ಕೆಂಪಗೆ ಬಂದರೆ ತನ್ನ ಕೈಯಾರೆ ಈ ಹುಡುಗಿಯನ್ನು ಮನೆಯಿಂದ ಆಚೆ ಹಾಕಿದಂತೆ. ಅದು ಅಸ್ತ್ರುಗಳಿಗೆ ಗೊತ್ತಿತ್ತು. ಕೊಳವೆ ಇಡುತ್ತಾ, "ಉಸಿರು ಬಿಡು ಮಗಳೇ," ಅಂದಳು.

ರೆಜಿನ ಕಡ್ಡಿ ಎಳೆದಳು. ಕಿಟಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದಳು, ಹತ್ತಿಯನ್ನು ಬೆರಳಲ್ಲಿ ಹಿಂಜಿದಳು. ಆಮೇಲೆ ಕೊಳವೆಯ ಹೊರಮೈ ನೋಡಿದಳು. ಅಲ್ಲಿ ಎರಡು ಕೆಂಪು ಗೆರೆ.

ಎರಡನ್ನೂ ಹಿಡಿದು ರೆಜಿನ ಹೊರಗೆ ಬಂದಳು.

"ಹೇಳಮ್ಮ," ಅಂದರು ರಬ್ಬಿ.

"ಬೆಳ್ಳಗೈತೆ. ರಕ್ತ ಇರೋದು ಕೊಳವೆ ಹೊರಗೆ." ಕೊಳವೆಯನ್ನು ಅಸ್ತ್ರುಗಳ ಕೈಗೆ ಕೊಟ್ಟಳು. "ದೇವರಿಗೆ ಎರಡು ಸಲ ಸಾಕಿತ್ತು. ನಂಗೇ ಸಾಕಾಗಲಿಲ್ಲ."

ಬಿಡುಗಡೆ ಪತ್ರ ಬೇಕಿಲ್ಲ, ಇದು ಗಾಯ, ಮೊದಲನೇ ದಿನ ಒಮ್ಮೆ, ಏಳನೇ ದಿನ ಒಮ್ಮೆ, ಹಳೇ ಮೆತ್ತನೆ ಬಟ್ಟೆಯಲ್ಲಿ ನೋಡಿದರೆ ಸಾಕು ಎಂದು ರಬ್ಬಿ ತೀರ್ಪು ಕೊಟ್ಟರು. ಬೊಂಜುವ ಕೊಳವೆಗೆ ಕೈ ಚಾಚಿದ, ಅಂಚು ಹೇಗೆ ಮಡಚಿದ್ದಾರೆ ನೋಡಬೇಕೆಂದು.

"ತೊಳೆದು ಕೊಡ್ತೀನಿ, ತಡೀರಿ," ಅಂದಳು ಅಸ್ತ್ರುಗ.

ಎರಡು ವಾರ ಗುಲಾಬಿ ಎಣ್ಣೆ ಹಚ್ಚಿದ ಮೇಲೆ ಬೊನಾದೋನಳ ಎಣಿಕೆ ಏಳು ಮುಟ್ಟಿತು. ಅವತ್ತು ನಕ್ಷತ್ರ ಮೂಡುವ ಹೊತ್ತಿಗೆ ಅವಳು ಕೊಳದ ಕಲ್ಲುಮೆಟ್ಟಿಲಿಳಿದು ಮುಳುಗಿದಳು. ಒಂದು ಕೂದಲೂ ನೀರಿನ ಮೇಲೆ ಉಳಿಯಲಿಲ್ಲ. ಮೇಲೆ ನಿಂತಿದ್ದ ಅಸ್ತ್ರುಗ ಬಗ್ಗಿ ನೋಡಿ, "ಶುದ್ಧ," ಅಂದಳು. ಆ ಜಾಗದಲ್ಲಿ ನಿಂತು ಆ ಮಾತು ಹೇಳುವ ಹಕ್ಕು ಗಿರೋನದ ಯಾವ ಗಂಡಸಿಗೂ ಇರಲಿಲ್ಲ.