ಹಿಂದಿನ ಬೆಂಚಿನಲ್ಲಿ ನನ್ನ ಗಂಡ

ಕೂಡ್ಲಿಗಿಯ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದ ವರ್ಷ ಬಿ.ಎ.ಗೆ ಒಂದು ಅಮೆರಿಕನ್ ಕಾದಂಬರಿ ಪಠ್ಯವಾಗಿತ್ತು. ಬಡವರ ಹುಡುಗನೊಬ್ಬ ಸಿರಿವಂತರ ಹುಡುಗಿಯನ್ನು ಬಯಸುತ್ತಾನೆ. ಅವಳಿಗೆ ತಕ್ಕವನಾಗಬೇಕೆಂದು ದುಡಿದು ದೊಡ್ಡ ಮನುಷ್ಯನಾಗುತ್ತಾನೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆಯಾಗಿರುತ್ತದೆ. ನಾನು ಬೋರ್ಡಿನ ಮೇಲೆ 'ಅಮೆರಿಕದ ಕನಸು' ಎಂದು ಬರೆದರೆ ಅರ್ಧ ತರಗತಿ ಅದನ್ನು ವೀಸಾ ಮಾಡಿಸುವ ವಿಷಯವೆಂದೇ ತಿಳಿದಿತ್ತು.

ನಮ್ಮ ಮನೆ ಕೊಟ್ಟೂರಿನಲ್ಲಿ. ನನ್ನ ಗಂಡನದು ಅಲ್ಲೇ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವರು ಓದಿದ್ದು ಏಳನೇ ತರಗತಿವರೆಗೆ. ಸಂಜೆ ನಾನು ಪಾಠಕ್ಕೆ ತಯಾರಾಗುವಾಗ ಕತೆ ಹೇಳಿಸಿಕೊಳ್ಳುತ್ತಿದ್ದರು. ಮೊದಮೊದಲು ಸುಮ್ಮನೆ ಹೂಂಗುಟ್ಟುತ್ತಿದ್ದವರು ಬರಬರುತ್ತ, ಕೈಯ ಗ್ರೀಸು ತೊಳೆಯುವ ಮೊದಲೇ, "ಅವ ಮುಂದ ಏನ್ ಮಾಡಿದ?" ಎನ್ನತೊಡಗಿದರು.

ಕೊನೆಯನ್ನು ಮಾತ್ರ ನಾನು ಹೇಳಲಿಲ್ಲ. ಅವರಿಗೆ ಬೇಸರವಾದೀತೆನಿಸಿತು. "ನಾಳಿ ಕ್ಲಾಸಿನ್ಯಾಗ ಮುಗಸ್ತೀನ್ರಿ, ಆಮ್ಯಾಲ ಹೇಳ್ತೀನಿ," ಎಂದೆ.

ಮರುದಿನ ಪಾಠದ ನಡುವೆ ತಲೆಯೆತ್ತಿದರೆ ಹಿಂದಿನ ಬೆಂಚಿನಲ್ಲಿ ನನ್ನ ಗಂಡ! ಇಸ್ತ್ರಿಯ ಬಿಳಿ ಅಂಗಿ, ತೊಡೆಯ ಮೇಲೆ ಹೆಲ್ಮೆಟ್ಟು. ಯಾರೋ ತಪಾಸಣೆಗೆ ಬಂದ ಅಧಿಕಾರಿಯೆಂದುಕೊಂಡು ಹುಡುಗರು ನೆಟ್ಟಗೆ ಕೂತಿದ್ದರು. ನಾನು ತಡವರಿಸುತ್ತಲೇ ಕತೆ ಮುಗಿಸಿದೆ. ಅವಳು ಅವನ ಬಳಿಗೆ ಬರಲಿಲ್ಲ, ಅವನು ಒಂಟಿಯಾಗಿ ಸತ್ತ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಮಿಸ್, ಅವ ಆಕಿನ್ನ ಖರೇನ ಪ್ರೀತಿ ಮಾಡಿದ್ನೇನ್ರಿ, ಇಲ್ಲಾ ಗೆದ್ದು ತೋರಸ್ಬೇಕಂತ ಮಾಡಿದ್ನಾ?"

ಗೈಡಿನಲ್ಲಿ ಉತ್ತರವಿತ್ತು. ಅದನ್ನು ಹುಡುಕಲು ಪುಟ ತಿರುವಿದೆ. ಅಷ್ಟರಲ್ಲಿ ಹಿಂದಿನಿಂದ ಗಂಡನ ದನಿ ಕೇಳಿತು.

"ಮೇಡಂ, ರೊಕ್ಕ ಮಾಡಾಕ ಹೋಗೋಕಿಂತ ಮದ್ಲ ಅವ ಆಕಿನ್ನ ಒಂದ್ ಮಾತು ಕೇಳಿದ್ನೇನ್ರಿ?"

"ಇಲ್ಲ," ಎಂದೆ.

ಅವರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡತೊಡಗಿದರು.

ತರಗತಿ ಮುಗಿದ ಮೇಲೆ ಇಬ್ಬರೂ ಬೈಕಿನಲ್ಲಿ ಕೊಟ್ಟೂರಿಗೆ ಹೊರಟೆವು. ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ಮಂಡಕ್ಕಿ ಮಿರ್ಚಿ ಹೇಳಿದರು. ಅದು ಬರುವಷ್ಟರಲ್ಲಿ, ನನ್ನ ಮುಖ ನೋಡದೆ ಅಂದರು:

"ನೀ ತೆಲಿಗಿಯಿಂದ ಹರಪನಹಳ್ಳಿ ಕಾಲೇಜಿಗಿ ಬರ್ತಿದ್ದಿ ನೋಡು, ಆ ಬಸ್ಸಿಗಿ ನಾನ ಕ್ಲೀನರ್ ಇದ್ದೆ."

ನಾನು ದಂಗಾದೆ. ನಮ್ಮದು ಹಿರಿಯರು ತಂದ ಸಂಬಂಧ. ಮಾತುಕತೆಯಲ್ಲಿ ಅಂಗಡಿಯ ವಿಷಯ ಬಂದಿತ್ತೇ ಹೊರತು ಅದರ ಹಿಂದಿನದು ಬಂದಿರಲಿಲ್ಲ.

"ಕ್ಲೀನರಿಗಿ ಹೆಣ್ಣು ಯಾರ್ ಕೊಡ್ತಾರ? ಅದಕ್ಕ ಅಂಗಡಿ ಹಾಕಿದೆ. ಆಮ್ಯಾಲ ನಿಮ್ಮಪ್ಪಗ ಹೇಳಿಕಳಿಸಿದೆ. ನಿನ್ನ ಮಾತ್ರ ಕೇಳಲಿಲ್ಲ."

ಆ ಬಸ್ಸನ್ನು ನೆನಪಿಸಿಕೊಳ್ಳಲು ನೋಡಿದೆ. ತಗಡು ಬಡಿಯುವ ಒಂದು ಕೈ, "ರೈಟ್, ರೈಟ್!" ಎಂಬ ಕೂಗು. ಮುಖ ಮಾತ್ರ ನೆನಪಾಗಲೇ ಇಲ್ಲ. ನನಗಾಗಿ ಒಬ್ಬ ಮನುಷ್ಯ ಇಷ್ಟೆಲ್ಲ ಮಾಡಿದನೆಂದು ಹಿಗ್ಗಬೇಕೋ, ನನಗೇ ಹೇಳದೆ ಮಾಡಿದನೆಂದು ಸಿಟ್ಟಾಗಬೇಕೋ? ಒಳಗೆ ಎರಡೂ ಇದ್ದವು.

"ಆವಾಗ ಕೇಳಿದ್ರ ಏನಂತಿದ್ದಿ?"

"ಗೊತ್ತಿಲ್ರಿ," ಎಂದೆ. ಅದು ನಿಜವೇ ಆಗಿತ್ತು.

ಅವರು ನೊಂದುಕೊಂಡಂತೆ ಕಾಣಲಿಲ್ಲ. ತಲೆಯಾಡಿಸಿ ಪ್ಲೇಟನ್ನು ನನ್ನ ಕಡೆ ಸರಿಸಿದರು. ನಾನು ಮಾತ್ರ ಆಮೇಲೆ ಎಷ್ಟೋ ದಿನ ಮನೆಯಲ್ಲಿ ಅವರನ್ನು ಹೊಸಬರಂತೆ ಕದ್ದು ನೋಡುತ್ತಿದ್ದೆ.

ಅವತ್ತಿನಿಂದ ಅವರು ಕೇಳದೆ ಏನನ್ನೂ ಮಾಡುವುದಿಲ್ಲ. "ಫ್ಯಾನ್ ಹಚ್ಲೇನು?" "ಅವ್ವನ್ನ ಕರ್ಕೊಂಬರ್ಲೇನು?" "ಚಾ ಕುಡಿಲೇನು?" ಮೊನ್ನೆ ತಾಳ್ಮೆಗೆಟ್ಟು, "ಎಲ್ಲಾ ನನ್ನೇ ಏನ್ ಕೇಳ್ತೀರಿ? ನಿಮಗ ತಿಳಿದಂಗ ಮಾಡ್ರಿ!" ಎಂದು ರೇಗಿದೆ. ಅವರು ನನ್ನ ಮುಖ ನೋಡಿ, "ಹಂಗ ಮಾಡ್ಲೇನು?" ಎಂದರು.